ಗೇಟಿನ ಮೇಲಿನ ಹದಿನಾರು ಹೆಸರು

ಕಾರ್ಮಿಕರ ಸಲಿಕೆ ಪಕ್ಷದಿಂದ ನಗರಸಭೆ ಟಿಕೆಟ್ಟು ಈ ಸಲ ಮೈದುನನಿಗೆ ಸಿಕ್ಕಿದೆ ಎಂಬ ಸುದ್ದಿ ಬಂದಾಗ ಗುಂಡಿಯಕ್ಕ ಮೊಮ್ಮಗಳ ಅಂಗಿಗೆ ಗುಂಡಿ ಹಚ್ಚುತ್ತ ಕೂತಿದ್ದಳು. ಸೂಜಿ ನಾಲ್ಕನೆಯ ತೂತಿನಲ್ಲಿ ಅರ್ಧ ಹೋಗಿ ನಿಂತಿತು. ಆಮೇಲೆ ಪೂರ್ತಿ ಹೋಯಿತು. ದಾರಕ್ಕೆ ಗಂಟು ಹಾಕಿ, ಹಲ್ಲಿನಲ್ಲಿ ಕಡಿದು, ಅಂಗಿಯನ್ನು ಮಡಿಸಿಟ್ಟ ಮೇಲೆ ಕೇಳಿದಳು:

"ಯಾರು ಹೇಳಿದ್ದು?"

"ಪಕ್ಷದ ಕಾರ್ಯದರ್ಶಿನೇ ಹೇಳಿದ್ರು ಅಜ್ಜಿ. ಚಿಕ್ಕಜ್ಜ ಕೀಲಿ ಪಕ್ಷ ಬಿಟ್ಟು ಬಂದಿದ್ದಾರಂತೆ. ತವರಿಗೆ ಬಂದೆ ಅಂದ್ರಂತೆ."

"ತವರಿಗಾ? ಬರಲಿ. ತವರಿಗೆ ಬಂದೋರಿಗೆ ಉಪಚಾರ ಮಾಡ್ಬೇಕು" ಅಂದಳು ಗುಂಡಿಯಕ್ಕ. ಮೊಮ್ಮಗಳಿಗೆ ಅದು ನಗೆಮಾತಿನ ಹಾಗೆ ಕೇಳಿಸಿತು.

ಅಂಗಿ ಕಾರ್ಖಾನೆಯ ಗುಂಡಿ ವಿಭಾಗದಲ್ಲಿ ಮೂವತ್ತೆರಡು ವರ್ಷ ಕೂತವಳಿಗೆ ಆ ಹೆಸರು ಬಿಟ್ಟು ಬೇರೆ ಹೆಸರು ಉಳಿದಿರಲಿಲ್ಲ. ಈಗ ಎಪ್ಪತ್ತು ವಯಸ್ಸು. ಒಂದು ಮಂಡಿ ಹೇಳಿದ ಮಾತು ಕೇಳುತ್ತದೆ, ಇನ್ನೊಂದು ಕೇಳುವುದಿಲ್ಲ. ಕಾರ್ಖಾನೆಯ ಹಿಂದಿನ ಮೂರು ಗಲ್ಲಿಗಳಲ್ಲಿ ನೂರಾ ನಲವತ್ತು ಮನೆ. ಚುನಾವಣೆಯ ದಿನ ಬೆಳಿಗ್ಗೆ ಅವಳು ಒಂದೊಂದೇ ಬಾಗಿಲು ತಟ್ಟಿ, "ನಡೀರಿ, ಬಿಸಿಲೇರೋದರೊಳಗೆ ಹಾಕಿ ಬರೋಣ" ಅಂದರೆ ಸರಿ, ಮುದುಕಿಯರು ಚಪ್ಪಲಿ ಹುಡುಕುತ್ತಿದ್ದರು. ಅವಳು ಕರೆಯದೆ ಹೊರಡುವ ಅಭ್ಯಾಸವೇ ಆ ಗಲ್ಲಿಗಳಿಗೆ ಇರಲಿಲ್ಲ. ಪಕ್ಷದಲ್ಲಿ ಅವಳಿಗೆ ಹುದ್ದೆ ಇರಲಿಲ್ಲ, ಕುರ್ಚಿ ಇರಲಿಲ್ಲ. ಅವಳಿಗಿದ್ದದ್ದು ಆ ನೂರಾ ನಲವತ್ತು ಬಾಗಿಲು.

ಮೈದುನನಿಗೆ ಈಗ ಬೇಕಾಗಿದ್ದದ್ದೂ ಅದೇ.

ನಲವತ್ತೊಂದು ವರ್ಷದ ಹಿಂದೆ ಅಣ್ಣ ತಮ್ಮ ಇಬ್ಬರೂ ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವರು. ಊಟದ ಬಿಡುವು ಹದಿನೈದು ನಿಮಿಷ ಸಾಲದು, ಅರ್ಧ ಗಂಟೆ ಬೇಕು ಅಂತ ಮುಷ್ಕರದ ಮಾತು ಎದ್ದಿತ್ತು. ಮುಂದೆ ನಿಂತವನು ಗುಂಡಿಯಕ್ಕನ ಗಂಡ. ರಜೆಯ ದಿನ ಮಧ್ಯಾಹ್ನ ಅವನ ಮನೆಯಲ್ಲಿ ಗುಟ್ಟಾಗಿ ಸಭೆ ಸೇರಿದರು. ಗಂಡನೂ ಸೇರಿ ಹದಿನೆಂಟು ಜನ. ಇದ್ದದ್ದು ಒಂದೇ ಕೋಣೆ, ಆರೇ ಲೋಟ. ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಸುತ್ತ ಕೂತರು. ಗುಂಡಿಯಕ್ಕ ಬಾಗಿಲ ಎಡಗಡೆಯಿಂದ ಹಿಡಿದು ಆರಾರು ಜನರಿಗೆ ಮೂರು ಸುತ್ತು ಟೀ ಕೊಟ್ಟಳು. ಆರನೆಯ ಲೋಟ ಗಂಡನಿಗೆ. ಲೋಟ ತೊಳೆದು ತಂದು, ಏಳನೆಯದು ಅವನ ಪಕ್ಕದಲ್ಲಿದ್ದ ಮೈದುನನಿಗೆ. ಹದಿನೇಳನೆಯದು ಮಡಿಕೆಯವನಿಗೆ. ಇಸ್ತ್ರಿಯಾದ ಅಂಗಿ ಮಡಿಸುವ ಕೆಲಸದವನು ಅವನು, ಕಾಲು ಸ್ವಲ್ಪ ಎಳೆಯುತ್ತಿದ್ದ. ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವಷ್ಟು ಮಾತು ಕಡಿಮೆ. ಅವತ್ತು ಬಟ್ಟೆಯ ಬೀರುವಿನ ಸಂದಿಯಲ್ಲಿ ಮುದುಡಿ ಕೂತಿದ್ದ.

ನಾಲ್ಕನೆಯ ದಿನ ಕಾರ್ಖಾನೆಯ ಗೇಟಿನ ಮೇಲೆ ಪಟ್ಟಿ ಅಂಟಿಸಿದ್ದರು. ಕೆಲಸದಿಂದ ತೆಗೆದವರ ಹೆಸರು, ಒಟ್ಟು ಹದಿನಾರು. ಗುಂಡಿಯಕ್ಕನಿಗೆ ಓದಲು ಬರುತ್ತಿರಲಿಲ್ಲ. ಕಾಲರ್ ಹೊಲಿಯುವವನು ಗಟ್ಟಿಯಾಗಿ ಓದಿದ. ಮೂರು ಹೆಸರು ಕೇಳುವಷ್ಟರಲ್ಲಿ ಅವಳಿಗೆ ಸಾಲಿನ ಗುರುತು ಸಿಕ್ಕಿತು. ಅದು ಹಾಜರಿ ಪುಸ್ತಕದ ಸಾಲಲ್ಲ, ವಿಭಾಗದ ಸಾಲಲ್ಲ. ಅವಳು ಟೀ ಕೊಟ್ಟ ಸಾಲು. ಆದರೆ ಬಾಗಿಲಿಂದ ಶುರುವಾಗಿರಲಿಲ್ಲ. ಎಂಟನೆಯ ಲೋಟದವನಿಂದ ಶುರುವಾಗಿ, ಕೋಣೆ ಸುತ್ತಿ, ಆರನೆಯ ಲೋಟದವನಲ್ಲಿ, ಅಂದರೆ ಅವಳ ಗಂಡನಲ್ಲಿ ಮುಗಿದಿತ್ತು. ಸುತ್ತ ಕೂತವರನ್ನು ನೆನಪಿನಿಂದ ಎಣಿಸುವವನು ತನ್ನ ಪಕ್ಕದವನಿಂದ ಹಿಡಿದು ಇನ್ನೊಂದು ಪಕ್ಕದವನಿಗೆ ತಂದು ನಿಲ್ಲಿಸುತ್ತಾನೆ. ನಡುವೆ ಉಳಿಯುವವನು ಎಣಿಸಿದವನೇ.

ಪಟ್ಟಿಯಲ್ಲಿ ಇಲ್ಲದವರು ಇಬ್ಬರು. ಒಬ್ಬ ಮೈದುನ, ಇನ್ನೊಬ್ಬ ಮಡಿಕೆಯವನು.

ಅವಳು ಮನೆಗೆ ಬಂದು ಮೈದುನ ಕೂತಿದ್ದ ಜಾಗದಲ್ಲೇ ಗೋಡೆಗೆ ಒರಗಿ ಕೂತು ಕೋಣೆ ನೋಡಿದಳು. ಬೀರು ಅಡ್ಡ ಬಂದಿತ್ತು. ಅದರ ಸಂದಿ ಅಲ್ಲಿಂದ ಕಾಣುತ್ತಲೇ ಇರಲಿಲ್ಲ.

ಗಂಡನಿಗೆ ಹೇಳಿದಳು. ಅವನು ಕೇಳಿಸಿಕೊಂಡ, ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂದ: "ಹೊಸ ಕತ್ತರಿ ಯಂತ್ರ ನಡೆಸೋಕೆ ಬರೋದು ಅವನೊಬ್ಬನಿಗೇ. ಅದಕ್ಕೆ ಉಳಿಸ್ಕೊಂಡಿದ್ದಾರೆ. ನಾನು ಎತ್ತಿ ಆಡಿಸಿದ ಹುಡುಗ ಅವನು. ಇನ್ನೊಂದು ಸಲ ಈ ಮಾತು ನಿನ್ನ ಬಾಯಲ್ಲಿ ಬಂದ್ರೆ ಈ ಮನೇಲಿ ನೀನಿರಲ್ಲ, ಇಲ್ಲ ನಾನಿರಲ್ಲ."

ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಸುದ್ದಿ ಕೊಟ್ಟವನು ಅವನೇ ಎಂದು ಗಲ್ಲಿಯವರು ಮಡಿಕೆಯವನ ಮೇಲೆ ಬಿದ್ದರು. ಅವನ ಬಾಗಿಲಿಗೆ ಕಸ ಸುರಿದರು, ನಲ್ಲಿಯ ಹತ್ತಿರ ಅವನ ಹೆಂಡತಿಯ ಕೊಡ ಒದ್ದರು. ಎರಡು ತಿಂಗಳಲ್ಲಿ ಅವನು ಸಂಸಾರ ಕಟ್ಟಿಕೊಂಡು ಬಸ್ ಡಿಪೋದ ಆಚೆಗೆ ಹೋದ. ಅವರು ಹೊರಟಾಗ ಗುಂಡಿಯಕ್ಕ ಕಿಟಕಿಯಲ್ಲಿ ನಿಂತಿದ್ದಳು. ಕಿಟಕಿ ಮುಚ್ಚಿಕೊಂಡಳು.

ಮುಷ್ಕರ ನಡೆಯಲೇ ಇಲ್ಲ. ಪಟ್ಟಿಯಲ್ಲಿ ಹೆಸರು ಬಂದವರನ್ನು ಬೇರೆ ಯಾವ ಕಾರ್ಖಾನೆಯೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಗೆರೆ ತಪ್ಪದೆ ನಲವತ್ತು ಪದರ ಬಟ್ಟೆ ಒಟ್ಟಿಗೆ ಕತ್ತರಿಸುತ್ತಿದ್ದ ಗಂಡ ಮಾರುಕಟ್ಟೆಯಲ್ಲಿ ಮೂಟೆ ಹೊತ್ತ. ಒಂಬತ್ತು ವರ್ಷ ಹೊತ್ತು, ಕೆಮ್ಮಿ ಕೆಮ್ಮಿ ಹೋದ. ಮೈದುನ ಮೂರನೆಯ ತಿಂಗಳಲ್ಲೇ ಮೇಲ್ವಿಚಾರಕನಾದ. ಹೆಂಗಸರನ್ನೂ ಪಟ್ಟಿಗೆ ಸೇರಿಸಬೇಕೆಂದು ಮ್ಯಾನೇಜರಿಗೆ ಹೊಳೆದಿರಲಿಲ್ಲವಾದ್ದರಿಂದ ಗುಂಡಿಯಕ್ಕ ಅಲ್ಲೇ ಉಳಿದು, ಅವನ ಕೈಕೆಳಗೇ ಗುಂಡಿ ಹಚ್ಚಿದಳು.

"ಅತ್ತಿಗೆ, ಚೆನ್ನಾಗಿದ್ದೀರಾ?" ಅನ್ನುತ್ತಿದ್ದ ದಿನಾ ಬೆಳಿಗ್ಗೆ.

"ಚೆನ್ನಾಗಿದೀನಿ" ಅನ್ನುತ್ತಿದ್ದಳು ಇವಳು. ತಲೆ ಎತ್ತುತ್ತಿರಲಿಲ್ಲ.

ವಯಸ್ಸು ನಲವತ್ತು ತುಂಬುವಷ್ಟರಲ್ಲಿ ಮೈದುನ ಸ್ವಂತ ಶೆಡ್ಡು ಹಾಕಿ ಹೊಲಿಗೆ ಗುತ್ತಿಗೆ ಹಿಡಿದ. ಶೆಡ್ಡಿಗೆ ಬಾಗಿಲು ಕೂರಿಸಿದ ವರ್ಷವೇ ಮಾಲೀಕರ ಪಕ್ಷ, ಅಂದರೆ ಕೀಲಿ ಪಕ್ಷ ಸೇರಿದ. ಅವನೊಬ್ಬನೇ ಅಲ್ಲ. ಕಾಲರಿನವನು ಅಂಗಡಿಯ ಬಾಗಿಲು ತೆರೆದ ದಿನ ಸಲಿಕೆಗೆ ಬಾಗಿಲು ಮುಚ್ಚಿದ. ಹಳೆಯ ಸಂಗಾತಿಗಳಲ್ಲಿ ಸೈಟು ತೆಗೆದುಕೊಂಡವರು ಹೋದರು, ಮಕ್ಕಳು ಕಚೇರಿ ಸೇರಿದವರು ಹೋದರು. ಅವಳ ಸ್ವಂತ ಮಗನೇ ಮೂರು ಯಂತ್ರ ಹಾಕಿ, ನಾಲ್ಕು ಜನರನ್ನು ಇಟ್ಟುಕೊಂಡ ಮೇಲೆ ಕೀಲಿಗೆ ವೋಟು ಹಾಕತೊಡಗಿದ.

"ಅಮ್ಮಾ, ನಾಳೆ ಈ ನಾಲ್ಕು ಜನ ಸಲಿಕೆ ಹಿಡ್ಕೊಂಡು ನನ್ನ ಬಾಗಿಲಿಗೇ ಬಂದ್ರೆ ಏನ್ಮಾಡ್ಲಿ?" ಅಂತ ಕೇಳಿದ್ದ.

"ಒಳಗೆ ಕರೆದು ಟೀ ಕೊಡು. ಅವತ್ತು ಮುಷ್ಕರ ನಡೆದಿದ್ರೆ ನಿಮ್ಮಪ್ಪನೂ ಹೀಗೇ ಯಾರದೋ ಬಾಗಿಲಿಗೆ ಹೋಗ್ತಿದ್ದ" ಅಂದಿದ್ದಳು.

ಮಗನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಬೆವರು ಒಣಗಿದವನು ನೆರಳಿನ ಕಡೆ ಜರುಗುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಅದು ವಯಸ್ಸಿನ ಕೆಲಸ, ಮನೆ ಅಂಗಡಿಯ ಕೆಲಸ. ಮಗನ ಮಗಳು ಈಗ ಸರಕು ಗೋದಾಮಿನಲ್ಲಿ ಹತ್ತು ಗಂಟೆ ನಿಂತು ಡಬ್ಬ ಕಟ್ಟುತ್ತಾಳೆ. ಹೋದ ವರ್ಷ ತಾನಾಗಿ ಹೋಗಿ ಸಲಿಕೆ ಪಕ್ಷಕ್ಕೆ ಹೆಸರು ಬರೆಸಿ ಬಂದಳು. ಯಾರೂ ಹೇಳಿಕೊಟ್ಟಿರಲಿಲ್ಲ, ಅವಳ ಕಾಲುನೋವು ಹೇಳಿಕೊಟ್ಟಿತ್ತು. ಜರುಗುವವರು ಜರುಗಲಿ. ಹದಿನಾರು ಮನೆಯ ಒಲೆ ಆರಿಸಿ ಜರುಗಿದವನ ಲೆಕ್ಕ ಬೇರೆ.

ಕೀಲಿ ಪಕ್ಷದಿಂದ ಮೈದುನ ಎರಡು ಸಲ ನಗರಸಭೆಗೆ ಗೆದ್ದ. ಆಮೇಲೆ ಆ ಪಕ್ಷಕ್ಕೆ ಲಿಫ್ಟಿರುವ ಮನೆಗಳವರು, ಕಟ್ಟಡ ಕಟ್ಟಿಸುವವರ ಮಕ್ಕಳು ಬಂದರು. ಇವನ ಕುರ್ಚಿ ಮೊದಲ ಸಾಲಿನಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಹೋಯಿತು. ಕಡೆಗೆ "ಯಜಮಾನರೇ, ನೀವಿನ್ನು ವಿಶ್ರಾಂತಿ ತಗೊಳ್ಳಿ" ಅಂದರು. ಅರವತ್ತಾರರ ಮೈದುನನಿಗೆ ಥಟ್ಟನೆ ತಾನು ಕಾರ್ಮಿಕನಾಗಿದ್ದದ್ದು ನೆನಪಾಯಿತು.

ಟಿಕೆಟ್ಟು ಸಿಕ್ಕಿದ ಮೂರನೆಯ ದಿನ ಅವನು ಕಾರ್ಯದರ್ಶಿಯನ್ನು ಜೊತೆಗಿಟ್ಟುಕೊಂಡು ಮನೆಗೆ ಬಂದ. ಮಗ ಓಡಿ ಹೋಗಿ ಕುರ್ಚಿ ಹಾಕಿದ. ಮಗನ ಮೂರು ಯಂತ್ರಕ್ಕೂ ಕೆಲಸ ಬರುತ್ತಿದ್ದದ್ದು ಚಿಕ್ಕಪ್ಪನ ಶೆಡ್ಡಿನಿಂದಲೇ.

"ಅತ್ತಿಗೆ, ಚೆನ್ನಾಗಿದ್ದೀರಾ?"

"ಚೆನ್ನಾಗಿದೀನಿ."

"ನನಗೆ ಈ ಸೀಟು ದೊಡ್ಡದಲ್ಲ ಅತ್ತಿಗೆ. ವಯಸ್ಸಾಯ್ತು. ಕಣ್ಣು ಮುಚ್ಚೋದರೊಳಗೆ ನಮ್ಮ ಜನದ ಜೊತೆ ನನ್ನ ಹೆಸರೂ ಇರ್ಬೇಕು ಅಂತ ಒಂದಾಸೆ. ಪಕ್ಷದ ಕಚೇರೀಲಿ ಆ ಹದಿನಾರು ಜನರ ಬೋರ್ಡು ಇದ್ಯಲ್ಲ, ಅದರಲ್ಲಿ ಹದಿನೇಳನೇದು ನಂದು ಸೇರಿಸ್ತೀವಿ ಅಂತ ಇವರು ಒಪ್ಪಿದ್ದಾರೆ. ನಾನೂ ಆ ಸಭೇಲಿ ಕೂತೋನು ತಾನೇ? ನೀವು ವೇದಿಕೆ ಮೇಲೆ ಬಂದು ಒಂದು ಮಾತು ಹೇಳಿಬಿಟ್ರೆ ಗಲ್ಲಿಯೋರು ಎರಡು ಮಾತಾಡಲ್ಲ."

ಕಾರ್ಯದರ್ಶಿ ಮುಂದಕ್ಕೆ ಬಾಗಿದ. "ಮಂಗಳವಾರ ಸಭೆ ಇಡ್ತೀವಿ ಅಕ್ಕ. ನೀವು ಹ್ಞೂಂ ಅಂದ್ರೆ ಗೆದ್ದ ಹಾಗೇ."

"ನಾಮಪತ್ರ ಕೊಟ್ಟಾಯ್ತಾ?"

"ಆಯ್ತು."

"ಬೇಡ ಅಂದ್ರೆ ವಾಪಸ್ ತಗೊಳ್ಳೋಕೆ ಯಾವತ್ತಿನ ತನಕ ಬಿಡ್ತಾರೆ?"

"ಗುರುವಾರ ಸಂಜೆ ತನಕ. ಯಾಕಕ್ಕ?"

"ಸುಮ್ನೆ ಕೇಳ್ದೆ. ಮಂಗಳವಾರ ನನಗಾಗಲ್ಲಪ್ಪ, ಮಂಡಿ ತೋರಿಸೋಕೆ ಹೋಗ್ಬೇಕು. ಶುಕ್ರವಾರ ಇಡಿ. ಬರ್ತೀನಿ."

ಮೈದುನನ ಕಣ್ಣು ಒದ್ದೆಯಾಯಿತು. ಎದ್ದು ಅವಳ ಕೈ ಹಿಡಿದುಕೊಂಡ. ಅವಳು ಹಿಡಿದುಕೊಳ್ಳಲು ಬಿಟ್ಟಳು.

ಬುಧವಾರ ಗುಂಡಿಯಕ್ಕ ಬಸ್ ಡಿಪೋದ ಆಚೆಗೆ ಹೋದಳು. ನಲವತ್ತೊಂದು ವರ್ಷದಲ್ಲಿ ಅದೇ ಮೊದಲು. ಮಡಿಕೆಯವನು ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದ. ಕಾಲು ಈಗ ಎಳೆಯುವ ಸ್ಥಿತಿಯಲ್ಲೂ ಇರಲಿಲ್ಲ. ಗುರುತು ಹಿಡಿದ. ಒಳಗೆ ಕರೆಯಲಿಲ್ಲ.

"ಸಲಿಕೆಗೆ ವೋಟು ಕೇಳೋಕೆ ಬಂದಿದ್ರೆ ದಾರಿ ತಪ್ಪಿದ್ದೀಯ. ಅವತ್ತಿಂದ ನಾನು ಕೀಲಿಗೇ ಹಾಕೋದು. ಅವರೇನು ಒಳ್ಳೇವ್ರು ಅಂತಲ್ಲ. ನಿಮ್ಮೋರು ಸೋತ ದಿನ ನನಗೆ ಕಣ್ತುಂಬ ನಿದ್ದೆ ಬರುತ್ತೆ."

ಅವಳು ನಿಂತುಕೊಂಡೇ ಹೇಳಿದಳು. ಲೋಟದ ಸಾಲು, ಪಟ್ಟಿಯ ಸಾಲು, ಬೀರು, ಒಂದನ್ನೂ ಬಿಡಲಿಲ್ಲ. ಅವನು ಕನ್ನಡಕ ಒರೆಸುವುದನ್ನು ನಿಲ್ಲಿಸಿದ.

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನನ್ನ ಹೆಂಡ್ತಿ ಕೊಡ ಒದ್ದಾಗ್ಲೂ?"

"ಆಗ್ಲೂ ಗೊತ್ತಿತ್ತು. ಗಂಡನಿಗೆ ಹೆದರಿದೆ. ಗಂಡ ಹೋದ್ಮೇಲೆ ಮಗನ ಅನ್ನಕ್ಕೆ ಹೆದರಿದೆ."

"ಭೇಷ್!" ಅಂದ ಮಡಿಕೆಯವನು. "ಅವನು ಒಂದಿನ ಬಾಯಿಬಿಟ್ಟ. ನೀನು ನಲವತ್ತೊಂದು ವರ್ಷ ಬಾಯಿ ಮುಚ್ಚಿದೆ. ಇಬ್ಬರಲ್ಲಿ ಯಾರಿಗೆ ಮೊದಲು ಉಗೀಲಿ ಹೇಳು."

"ನನಗೆ ಉಗಿ, ಒರೆಸ್ಕೊಳ್ತೀನಿ. ಆದ್ರೆ ಶುಕ್ರವಾರ ಬಂದು ಮುಂದಿನ ಸಾಲಲ್ಲಿ ಕೂತ್ಕೋ."

ಅವನು ಕನ್ನಡಕ ಹಾಕಿಕೊಂಡ. "ಬರ್ತೀನಿ. ನಿನ್ನ ಮುಖ ನೋಡೋಕಲ್ಲ, ಅವನ ಮುಖ ನೋಡೋಕೆ."

ಶುಕ್ರವಾರ ಪಕ್ಷದ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರೂ ಗಲ್ಲಿ ಬಂದಿತ್ತು. ಗೋಡೆಯ ಮೇಲೆ ಒರೆಸಿಟ್ಟ ಹಳೆಯ ಬೋರ್ಡು ಹೊಳೆಯುತ್ತಿತ್ತು. ಗೇಟಿನ ಪಟ್ಟಿಯಲ್ಲಿ ಇದ್ದಂತೆಯೇ ಹದಿನಾರು ಹೆಸರು, ಕೆಳಗೆ ಹೊಸ ಬಣ್ಣದಲ್ಲಿ ಹದಿನೇಳನೆಯದು. ಅದರ ಮೇಲೊಂದು ಬಟ್ಟೆ ಮುಚ್ಚಿದ್ದರು. ಗುಂಡಿಯಕ್ಕನಿಗೆ ಮೈದುನನ ಪಕ್ಕದಲ್ಲೇ ಕುರ್ಚಿ. ಮಡಿಕೆಯವನು ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದ. ಮೈದುನ ಅವನನ್ನು ನೋಡಿಯೂ ಗುರುತು ಹಿಡಿಯಲಿಲ್ಲ.

ಮೈದುನನೇ ಮೊದಲು ಮಾತಾಡಿದ. ಸಭೆ ಕಂಡರೆ ಅವನಿಗೆ ಯಾವಾಗಲೂ ಹುರುಪು.

"ಆ ಮಧ್ಯಾಹ್ನ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ! ಹದಿನೆಂಟು ಜನ. ನಮ್ಮತ್ತಿಗೆ ಕೈಯ ಟೀ. ನಮ್ಮಣ್ಣನಿಗೆ ಅಂಟಿಕೊಂಡು ಕೂತಿದ್ದೆ ನಾನು. ಅವನ ಲೋಟ ಆದ್ಮೇಲೆ ನನ್ನ ಲೋಟ. ಅಣ್ಣ ನನ್ನ ಭುಜದ ಮೇಲೆ ಕೈ ಇಟ್ಟು, ತಮ್ಮಾ ಹೆದರಬೇಡ ಅಂದ!"

ಜನ ಚಪ್ಪಾಳೆ ತಟ್ಟಿದರು. ಮೈಕು ಗುಂಡಿಯಕ್ಕನ ಕೈಗೆ ಬಂತು. ಅವಳು ಮೊಮ್ಮಗಳನ್ನು ಕರೆದು, "ಬೋರ್ಡು ಓದು. ಒಂದೊಂದೇ, ನಿಧಾನ" ಅಂದಳು. ಒಂದೊಂದು ಹೆಸರು ಬಿದ್ದಾಗಲೂ ಅವಳು ತಡೆದು ಹೇಳಿದಳು: ಇವನು ಎಂಟನೇ ಲೋಟ. ಇವನು ಒಂಬತ್ತು. ಹದಿನಾರಾಯಿತು, ಹದಿನೆಂಟಾಯಿತು, ಮತ್ತೆ ಒಂದರಿಂದ. ಆರಕ್ಕೆ ಗಂಡನ ಹೆಸರು ಬಂತು. ಅಲ್ಲಿಗೆ ಮುಗಿಯಿತು.

"ಗೇಟಿಗೆ ಅಂಟಿಸಿದ್ದೂ ಇದೇ ಸಾಲು, ನಾನು ಟೀ ಕೊಟ್ಟ ಸಾಲು. ಎಂಟರಿಂದ ಶುರು, ಆರಕ್ಕೆ ಮುಗೀತು. ಹದಿನೇಳು ತಪ್ಪಿದೆ. ಅದು ಇಲ್ಲಿ ಮುಂದೆ ಕೂತಿರೋ ಮಡಿಕೆಯೋನು. ಬೀರು ಸಂದೀಲಿ ಕೂತಿದ್ದ, ಒಂದು ಜಾಗದಿಂದ ನೋಡಿದ್ರೆ ಕಾಣ್ತಿರ್ಲಿಲ್ಲ. ಆ ಜಾಗ ಏಳನೇ ಲೋಟದೋನದು. ಅವನ ಲೋಟ ಯಾವುದು ಅಂತ ನಾನು ಹೇಳಲ್ಲ. ಈಗ ಅವನೇ ಹೇಳಿದ, ನೀವೂ ಕೇಳಿಸ್ಕೊಂಡ್ರಿ. ಅಣ್ಣಂದು ಆರು."

ಗದ್ದಲವಾಗಲಿಲ್ಲ. ಗದ್ದಲವಾಗಿದ್ದರೆ ಮೈದುನ ಬಚಾವಾಗುತ್ತಿದ್ದ. ಸತ್ತವರ ಹೆಂಡತಿಯರು, ಮಕ್ಕಳು, ಬೋರ್ಡು ನೋಡಿ ಬಾಯಲ್ಲೇ ಎಣಿಸುತ್ತಿದ್ದರು. ಹತ್ತು ವರ್ಷದಿಂದ ಈ ಕಡೆ ತಲೆ ಹಾಕದ ಕಾಲರಿನವನೂ ಬಾಗಿಲಲ್ಲಿ ನಿಂತು ಬೆರಳು ಮಡಿಸುತ್ತಿದ್ದ. ಅವನ ಬೆರಳು ನಿಂತಿತು. "ಅಯ್ಯೋ, ಪಟ್ಟಿ ಓದಿದ್ದು ನಾನೇ" ಅಂದ.

"ಅತ್ತಿಗೆಗೆ ವಯಸ್ಸಾಗಿದೆ..." ಮೈದುನ ಎದ್ದ. "ಏನೋ ಹಳೇ ಕನಸು..."

ಮಡಿಕೆಯವನು ಕೂತಲ್ಲಿಂದಲೇ ಅಂದ, ಮೈಕಿಲ್ಲದೆ: "ನನ್ನ ಗುರುತು ಸಿಕ್ತಾ? ಅವತ್ತೂ ನಿನ್ನ ಕಣ್ಣಿಗೆ ಬಿದ್ದಿರ್ಲಿಲ್ಲ."

ಮೈದುನನ ಮುಖದಲ್ಲಿ ರಕ್ತವಿರಲಿಲ್ಲ. ಗುಂಡಿಯಕ್ಕ ಆ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದಳು. ಬಟ್ಟೆ ಮುಚ್ಚಿದ್ದ ಹದಿನೇಳನೆಯ ಹೆಸರನ್ನು ಯಾರೂ ತೆರೆಯಲಿಲ್ಲ.

ಜನ ಕರಗಿದ ಮೇಲೆ ಕಾರ್ಯದರ್ಶಿ ಹಾರಾಡಿದ. "ಮೊದಲೇ ಹೇಳಿದ್ರೆ ಬೇರೆಯೋರನ್ನ ನಿಲ್ಲಿಸ್ತಿದ್ದೆವಲ್ಲ ಅಕ್ಕ! ನಿನ್ನೆಗೇ ಗಡುವು ಮುಗೀತು. ಈಗ ಅವನೇ ನಿಲ್ಲಬೇಕು!"

"ನಿಲ್ಲಲಿ. ಅದಕ್ಕೇ ಶುಕ್ರವಾರ ಅಂದಿದ್ದು. ವಾಪಸ್ ತಗೊಂಡು ಮನೇಲಿ ಕೂತ್ಕೊಂಡ್ರೆ ಆಯ್ತಾ? ಪ್ರತಿ ಬಾಗಿಲಿಗೂ ಹೋಗಿ ಕೈಯೊಡ್ಡಲಿ."

"ಇಷ್ಟು ವರ್ಷ ಸುಮ್ನಿದ್ದು ಈಗ್ಯಾಕೆ?"

"ಇಷ್ಟು ವರ್ಷ ಅವನಿಗೆ ಬೇಕಾದ್ದು ಯಾವುದೂ ನನ್ನ ಕೈಲಿರ್ಲಿಲ್ಲಪ್ಪ. ಶೆಡ್ಡು ಕಿತ್ಕೊಳ್ಳೋಕಾಗುತ್ತಾ? ಮನೆ ಕಿತ್ಕೊಳ್ಳೋಕಾಗುತ್ತಾ? ಈಗ ಹೆಸರು ಬೇಕು ಅಂತ ತಾನಾಗೇ ಬಂದ."

ಮೊಮ್ಮಗಳು ಮನೆಗೆ ಬರುವ ತನಕ ತಡೆದುಕೊಂಡಿದ್ದಳು. "ಅಜ್ಜಿ, ಒಬ್ಬನ ಮೇಲಿನ ಹಗೆಗೆ ಪಕ್ಷಾನೇ ಮುಳುಗಿಸಿದೆ. ಗೋದಾಮಿನ ಹುಡುಗೀರಿಗೆ ನಾನೇನು ಹೇಳ್ಲಿ?"

"ಪಕ್ಷ ಮುಳುಗಿದ್ರೆ ಐದು ವರ್ಷಕ್ಕೆ ಮತ್ತೆ ಏಳುತ್ತೆ. ನಿಮ್ಮಜ್ಜ ಏಳ್ತಾನಾ?"

ಆ ಹುಡುಗಿ ಒಪ್ಪಲಿಲ್ಲ. ಸೋಮವಾರದಿಂದ ಮಗನ ಯಂತ್ರಗಳಿಗೆ ಚಿಕ್ಕಪ್ಪನ ಕೆಲಸ ನಿಂತಿತು. ಮಗ ತಾಯಿಯ ಜೊತೆ ಮಾತು ಬಿಟ್ಟ. ಅವಳು ಅದನ್ನು ಮೊದಲೇ ಎಣಿಸಿಕೊಂಡಿದ್ದಳು.

ಮೈದುನ ಬಾಗಿಲು ಬಾಗಿಲಿಗೆ ಹೋದ. ಯಾರೂ ಬೈಯಲಿಲ್ಲ. "ಏಳನೇ ಲೋಟದೋರು ಬಂದ್ರು" ಅಂತ ಒಳಗೆ ಕೂಗಿ ಹೇಳಿ, ಬಾಗಿಲು ಹಾಕಿಕೊಂಡರು. ಎಂಟು ದಿನದಲ್ಲಿ ಮೂರು ಗಲ್ಲಿಯ ಮಕ್ಕಳಿಗೂ ಅವನ ಹೊಸ ಹೆಸರು ಬಾಯಿಪಾಠವಾಗಿತ್ತು.

ಚುನಾವಣೆಯ ದಿನ ಗುಂಡಿಯಕ್ಕ ಯಾರ ಬಾಗಿಲನ್ನೂ ತಟ್ಟಲಿಲ್ಲ. ಮಧ್ಯಾಹ್ನ ಮೂರಕ್ಕೆ ಒಬ್ಬಳೇ ಕೋಲೂರಿಕೊಂಡು ಹೋಗಿ ವೋಟು ಹಾಕಿ ಹೊರಗೆ ಬಂದಳು. ಶಾಲೆಯ ಕಾಂಪೌಂಡಿನ ಪಕ್ಕ ಮೈದುನ ಒಬ್ಬನೇ ನಿಂತಿದ್ದ. ಸುತ್ತ ಯಾರೂ ಇರಲಿಲ್ಲ. ಅವನ ಹೆಂಡತಿಯೂ ಬಂದಿರಲಿಲ್ಲ. ಇವಳನ್ನು ಕಂಡು ಅವನು ಪಕ್ಕಕ್ಕೆ ಸರಿಯಬಹುದಿತ್ತು, ಸರಿಯಲಿಲ್ಲ.

"ಖುಷಿಯಾಯ್ತಾ ಅತ್ತಿಗೆ? ಕಡೆಗೂ ಮಾಲೀಕರ ಪಕ್ಷಕ್ಕೆ ಹಾಕಿ ಬಂದ್ರಲ್ಲ. ಅಣ್ಣ ಇದ್ದಿದ್ರೆ ಏನಂತಿದ್ದ?"

ಗುಂಡಿಯಕ್ಕ ಕೋಲು ಊರಿ ನಿಂತಳು.

"ನಾನು ಸಲಿಕೆಗೇ ಹಾಕಿದ್ದು ಕಣೋ. ಪಕ್ಷ ಬದಲಾಯಿಸೋ ಅಭ್ಯಾಸ ನಿಂದು. ನಾಡಿದ್ದು ಎಣಿಸುವಾಗ ಈ ಗಲ್ಲಿಗಳಿಂದ ನಿನಗೆ ಬಿದ್ದಿರೋದು ಒಂದು ಕೈ ಬೆರಳಿಗೂ ಸಾಲಲ್ಲ. ಅದರಲ್ಲಿ ಒಂದು ನಿಮ್ಮಣ್ಣನ ಹೆಂಡ್ತೀದು ಅಂತ ನೆನಪಿಟ್ಕೋ. ಇರೋ ತನಕ ನೆನಪಿಟ್ಕೋ."

ಅವಳು ಮಾತು ಕೇಳುವ ಮಂಡಿಯನ್ನು ಮುಂದಿಟ್ಟು, ಕೇಳದ ಮಂಡಿಯನ್ನು ಹಿಂದೆ ಎಳೆದುಕೊಂಡು ಮನೆಯ ಕಡೆ ಹೊರಟಳು.